ಸೀದ ವಾಸನೆ

ಎಂಬತ್ತೊಂದರಲ್ಲಿ ಈ ಮನೆ ಕಟ್ಟಿದವರು
ಅಗ್ಗಿಷ್ಟಿಕೆಯನ್ನು ಲಾರಿಯಲ್ಲಿ ತರಿಸಿದ್ದರಂತೆ.
ತಗಡಿನ ಪೆಟ್ಟಿಗೆ, ಒಳಗೆ ಇಟ್ಟಿಗೆಯ ವೇಷ,
ನೆತ್ತಿಗೊಂದು ಕೊಳವೆ.
ಗೋಡೆಯ ತೂತಿಗೆ ತಳ್ಳಿ, ನಾಲ್ಕು ಮೊಳೆ ಹೊಡೆದು,
ಊಟಕ್ಕೆ ಹೋದರಂತೆ.

ನಾವು ಕೊಂಡಾಗಲೇ ಅದರ ಗಾಜಿನ ಬಾಗಿಲುಗಳಿಗೆ
ಮುಪ್ಪು ಬಂದಿತ್ತು.
ಹಿತ್ತಾಳೆ ಬಣ್ಣ ಸುಲಿದು, ಮಡಚುವ ಕೀಲು ಸಡಿಲಿ,
ಎಡಗಡೆಯದು ತೆರೆಯಲು ಪಾದದಿಂದ ಒತ್ತಬೇಕು,
ಬಲಗಡೆಯದಕ್ಕೆ ಹಿಡಿಯೇ ಇಲ್ಲ,
ಇಕ್ಕಳ ಕಚ್ಚಿಸಿ ಎಳೆಯುತ್ತಿದ್ದೆ.
ಗಾಜಿಗೆ ಪೊರೆ. ವಿನಿಗರ್, ಒದ್ದೆ ಬೂದಿ, ಬ್ಲೇಡು,
ಎಲ್ಲ ಆಯಿತು.
ಒಳಗೆ ಉರಿಯುವ ಬೆಂಕಿ ನಮಗೆ
ಕೆಂಪಗಾದ ಮಂಜಿನ ಹಾಗೆ ಕಾಣುತ್ತಿತ್ತು.

ಚೌಕಟ್ಟಿನ ಮೇಲೆ ಒಂದು ಸಂದು.
ಸುಪೀರಿಯರ್ ಸರೋವರದ ಗಾಳಿ
ಜನವರಿಯಲ್ಲಿ ಬಾಗಿಲು ಬಡಿಯುವುದಿಲ್ಲ,
ಸೀದಾ ಒಳಗೆ ಬಂದು ಕಾಲ ಬಳಿ ಕೂರುತ್ತದೆ.
ಮೂವತ್ತೊಂದು ವರ್ಷ
ಅದಿರಿನ ರೈಲುಗಳಿಗೆ ಬ್ರೇಕು ಕಟ್ಟಿದವನು ನಾನು,
ಒಂದು ಸಂದಿಗೆ ಸೋಲುವುದೆ?
ಸಿಗ್ನೆಯ ಹಳೆಯ ಸ್ವೆಟರ್ ಬಿಚ್ಚಿ
ಚಾಕುವಿನ ತುದಿಯಿಂದ ಉದ್ದಕ್ಕೂ ತುರುಕಿದೆ.
ಗಾಳಿ ನಿಂತಿತು. ಗೆದ್ದೆ.

ಆಮೇಲೆ ಹನ್ನೊಂದು ಚಳಿಗಾಲ
ಸಿಗ್ನೆ ಪುಸ್ತಕದಿಂದ ತಲೆಯೆತ್ತಿ
"ಏನೋ ಸೀದ ವಾಸನೆ" ಎನ್ನುವಳು.
"ಟೋಸ್ಟಿರಬೇಕು." ಮಧ್ಯರಾತ್ರಿಯ ಟೋಸ್ಟು.
"ಪಕ್ಕದ ಮನೆಯದು." ಪಕ್ಕದ ಮನೆ ಎರಡು ವರ್ಷದಿಂದ ಖಾಲಿ.
"ನಿನ್ನ ಮೂಗಿನ ಭ್ರಮೆ" ಎಂದೂ ಅಂದಿದ್ದೇನೆ,
ಅವಳ ತಂಗಿಯ ಎದುರಿಗೇ.
ಸಿಗ್ನೆ ಪುಟ ತಿರುಗಿಸಿದಳು.

ಈ ಅಕ್ಟೋಬರಿನಲ್ಲಿ ಬಲಗಡೆಯ ಗಾಜು ತಾನಾಗಿ ಒಡೆಯಿತು,
ಬೆಂಕಿಯಿಲ್ಲದ ಮಧ್ಯಾಹ್ನ, ಯಾರೂ ಮುಟ್ಟದೆ,
ಒಂದೇ ಸಲಕ್ಕೆ ಕಲ್ಲುಸಕ್ಕರೆಯ ಹಾಗೆ ಚೂರು ಚೂರು.
ಹೊಸದು ತರೋಣವೆಂದರೆ ಆ ಕಂಪನಿಯೇ ಈಗ ಇಲ್ಲ.
ಡುಲೂತ್‌ನಿಂದ ರಮೋನಾ ಕಿವೆಲಾ ಬಂದಳು,
ಇಪ್ಪತ್ತಾರು ವಯಸ್ಸು, ಕಿವಿಯ ಮೇಲೆ ಪೆನ್ಸಿಲು.
ತಲೆಯನ್ನೇ ಒಲೆಯೊಳಗಿಟ್ಟು, ಟಾರ್ಚು ಹಿಡಿದು,
ಮಸಿ ಒರೆಸಿ, ತಗಡಿನ ಮೇಲಿನ ಅಂಕಿ ಗಟ್ಟಿಯಾಗಿ ಓದಿದಳು.
ಅಗಲವನ್ನು ಮೂರು ಕಡೆ ಅಳೆದಳು: ಮೇಲೆ, ನಡುವೆ, ಕೆಳಗೆ.
ಮೂರೂ ಬೇರೆ ಬೇರೆ.
"ಮನೆ ಕೂತಿದೆ" ಎಂದಳು.
"ನಾವೂ ಕೂತೇ ಇದ್ದೇವೆ" ಎಂದೆ. ನಗಲಿಲ್ಲ.
ಅವಳ ಬೆರಳು ಆ ಸಂದಿನಲ್ಲಿ ನಿಂತಿತ್ತು.

"ಇದನ್ನು ಮುಚ್ಚಿದವರು ಯಾರು?"

ಎಳೆದಳು. ಬಂತು.
ಬಂತು, ಬರುತ್ತಲೇ ಇತ್ತು,
ಒಂದು ಕಾಲಕ್ಕೆ ನೀಲಿಯಾಗಿದ್ದ ಉಣ್ಣೆ,
ಕಪ್ಪಗೆ, ಗರಿಗರಿಯಾಗಿ.
"ತಗಡಿನ ಒಲೆ ಉಸಿರಾಡೋದು ಇಲ್ಲಿಂದಲೇ.
ಗಾಳಿ ಸುತ್ತಾಡ್ತಾ ಅದರ ಮೈ ತಣ್ಣಗಿಡಬೇಕು."
ಟಾರ್ಚು ನನ್ನ ಕೈಗೆ ಕೊಟ್ಟಳು.
ಬಗ್ಗಿ ನೋಡಿದೆ. ಗೋಡೆಯೊಳಗಿನ ಮರ
ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂಚಿಗೆ ಇದ್ದಿಲು.
"ಇನ್ನೊಂದು ಚಳಿಗಾಲ..." ಎಂದವಳು
ಮುಂದೆ ಹೇಳದೆ ಪೆನ್ಸಿಲು ತೆಗೆದಳು.

ಅಡುಗೆಮನೆಯ ಬಾಗಿಲಲ್ಲಿ ಸಿಗ್ನೆ,
ಕೈಯಲ್ಲಿ ಒರೆಸುವ ಬಟ್ಟೆ.
ನಾನು ಕಾದಿದ್ದ ಮಾತನ್ನು ಅವಳು ಆಡಲಿಲ್ಲ.
ಬಂದು, ಉಣ್ಣೆ ಎತ್ತಿ, ಮೂಸಿ,
"ಹಾಂ, ಇದೇ" ಎಂದಳು,
ಎಂದೋ ಕಳೆದ ಕಿವಿಯೋಲೆ ಸಿಕ್ಕವರ ಹಾಗೆ.

ಮರ ಬದಲಾಯಿತು. ಬಾಗಿಲು ಬರಲು ಏಳು ವಾರ.
ಅಲ್ಲಿಯವರೆಗೆ ಒಲೆ ಬಾಯಿ ತೆರೆದೇ ಇತ್ತು,
ರಾತ್ರಿ ಕೊಳವೆಯಲ್ಲಿ ಅದಿರು ಹಡಗಿನ ಕೂಗು
ಬಂದರಿನಲ್ಲಿ ಕೇಳುವುದಕ್ಕಿಂತ ಹತ್ತಿರ.
ಕೊನೆಗೆ ಬಂದವು: ಕಪ್ಪು ಚೌಕಟ್ಟು, ತಿಳಿಗಾಜು,
ಒಂದೇ ಬೆರಳಿಗೆ ತೆರೆಯುತ್ತವೆ.
ಮೇಲಿನ ಸಂದು ಹಾಗೇ ಉಳಿಯಿತು, ಉಳಿಯಲೇಬೇಕಂತೆ.
ಇಕ್ಕಳವನ್ನು ನಾನಿನ್ನೂ ಅಲ್ಲೇ ಇಟ್ಟಿದ್ದೇನೆ.
ಕೈ ಹುಡುಕುತ್ತದೆ.

ನಿನ್ನೆ ಮೊದಲ ಸಲ ಉರಿಸಿದೆವು.
ಹೊಸ ಬಣ್ಣ ಕಾಯುವಾಗ ಒಂದು ವಾಸನೆ ಬರುತ್ತದೆ,
ರಮೋನಾ ಹೇಳಿಯೇ ಹೋಗಿದ್ದಳು.
ಸಿಗ್ನೆ ಪುಸ್ತಕದಿಂದ ತಲೆಯೆತ್ತಿದಳು.
ಅವಳು ಬಾಯಿ ತೆರೆಯುವ ಮೊದಲೇ
"ಹೌದು, ನನಗೂ ಬರ್ತಿದೆ" ಎಂದೆ.
ಕಾಲಿಗೆ ಗಾಳಿ ತಾಕಿತು.
ಎದ್ದು ಹೋಗಿ ಕಾಲುಚೀಲ ತಂದುಕೊಂಡೆ.